ಕೆನೆಬಿಳಿಯೋ, ಗಾಢ ನೀಲಿಯೋ? ವ್ಯವಹಾರದ ಕೊಠಡಿಗೆ ಬಣ್ಣದ ಆಯ್ಕೆ ಮತ್ತು ಅದರ ಜಮಾ-ಖರ್ಚು

ಆಯುಧಪೂಜೆ, ದೀಪಾವಳಿಗಳು ಸಮೀಪಿಸಿದಂತೆ ಅಂಗಡಿ, ಕಚೇರಿ, ಕಾರ್ಯಾಗಾರಗಳಿಗೆ ಹೊಸ ಬಣ್ಣ ಬಳಿಸುವುದು ನಮ್ಮ ನಾಡಿನ ವ್ಯಾಪಾರಿ ಸಮುದಾಯದಲ್ಲಿ ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಹಿಂದೆ ಈ ವಿಷಯದಲ್ಲಿ ಆಯ್ಕೆಯ ಗೊಂದಲವೇ ಇರಲಿಲ್ಲ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದರೆ ಗೋಡೆಗೆ ಸುಣ್ಣದ ಹಳದಿ ಛಾಯೆ ಮರೆಯಾಗಿ ಬೆಳ್ಳಗೆ ಕಾಣುತ್ತಿತ್ತು. ಅಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಇಂದು ಬಣ್ಣದಂಗಡಿಯ ಕಾರ್ಡಿನಲ್ಲಿ ಸಾವಿರಾರು ಛಾಯೆಗಳಿವೆ. ಆದರೂ ಬಹುತೇಕ ಸಂಸ್ಥೆಗಳಲ್ಲಿ ಆಯ್ಕೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಮಾಲೀಕರು ಲೀಟರಿನ ದರ ಕೇಳುತ್ತಾರೆ, ಸ್ವಲ್ಪ ಚೌಕಾಸಿ ಮಾಡುತ್ತಾರೆ, ಕಾರ್ಡಿನ ಮೇಲೆ ಬೆರಳಿಡುತ್ತಾರೆ. ಆ ಬೆರಳು ಇಟ್ಟ ಬಣ್ಣದೊಡನೆ ಸಂಸ್ಥೆಯು ಮೂರು ನಾಲ್ಕು ವರ್ಷ ಬಾಳಬೇಕಾಗುತ್ತದೆ.

ಡಬ್ಬಿಯ ಬೆಲೆ ಬಣ್ಣದ ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ಕೂಲಿ, ವಿದ್ಯುತ್ತು, ಮತ್ತೆ ಬಳಿಸಬೇಕಾದ ಅವಧಿ, ಸರಕು ಗ್ರಾಹಕರ ಕಣ್ಣಿಗೆ ಕಾಣುವ ಬಗೆ, ಲೆಕ್ಕಪತ್ರದಲ್ಲಿ ಆ ಖರ್ಚು ಸೇರುವ ಖಾತೆ ಇವೆಲ್ಲವೂ ಉಳಿದ ಭಾಗ. ಇದನ್ನು ಸ್ಪಷ್ಟಪಡಿಸಲು ಪರಸ್ಪರ ವಿರುದ್ಧವಾದ ಎರಡು ಬಣ್ಣಗಳನ್ನು, ಅಂದರೆ ಕೆನೆಬಿಳಿ ಮತ್ತು ಗಾಢ ನೀಲಿಯನ್ನು, ಒಂದೇ ಕೊಠಡಿಗೆ ಅನ್ವಯಿಸಿ ಇಲ್ಲಿ ಹೋಲಿಸಲಾಗಿದೆ.

ಬೆಳಕನ್ನು ಮರಳಿಸುವ ಗುಣ

ಎರಡೂ ಬಣ್ಣಗಳ ಮೂಲ ವ್ಯತ್ಯಾಸ ಸೌಂದರ್ಯದ್ದಲ್ಲ, ಬೆಳಕಿನದು. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಕೊಠಡಿಗೆ ಮರಳುತ್ತದೆ ಎಂಬುದನ್ನು ಪ್ರತಿಫಲನ ಪ್ರಮಾಣವೆಂದು ಕರೆಯುತ್ತಾರೆ. ಇದನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಹೇಳುವುದು ವಾಡಿಕೆ. ಹೊಸದಾಗಿ ಬಳಿದ ಕೆನೆಬಿಳಿ ಗೋಡೆಯದು ಸುಮಾರು 75ರಿಂದ 85. ಗಾಢ ನೀಲಿಯದು 10ಕ್ಕಿಂತ ಕಡಿಮೆ. ಅನೇಕ ತಯಾರಕರು ಈ ಅಂಕಿಯನ್ನು ಪ್ರತಿಯೊಂದು ಛಾಯೆಯ ಸಂಕೇತ ಸಂಖ್ಯೆಯೊಡನೆ ಒದಗಿಸುತ್ತಾರೆ. ಕೇಳಿ ಪಡೆಯುವ ಗ್ರಾಹಕರು ಕಡಿಮೆ.

ವ್ಯಾಪಾರಿಗಳಿಗೆ ಚಿರಪರಿಚಿತವಾದ ಚಕ್ರಬಡ್ಡಿಯ ಲೆಕ್ಕ ಇಲ್ಲಿ ತಿರುವುಮುರುವಾಗಿ ಕೆಲಸ ಮಾಡುತ್ತದೆ. ದೀಪದಿಂದ ಹೊರಟ ಬೆಳಕು ಒಂದೇ ಸಲ ಗೋಡೆಗೆ ತಾಗಿ ನಿಲ್ಲುವುದಿಲ್ಲ. ಒಂದು ಗೋಡೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಚಾವಣಿಗೆ, ಮತ್ತೆ ಮೇಜಿಗೆ ಪುಟಿಯುತ್ತ ಹೋಗುತ್ತದೆ. ಪ್ರತಿಫಲನ 80 ಇದ್ದರೆ ನೂರು ಪಾಲು ಬೆಳಕು ಮೊದಲ ಪುಟಿತದಲ್ಲಿ 80, ಎರಡನೆಯದರಲ್ಲಿ 64, ಮೂರನೆಯದರಲ್ಲಿ 51 ಆಗಿ ಉಳಿಯುತ್ತದೆ. ಪ್ರತಿಫಲನ 8 ಇದ್ದರೆ ಮೊದಲ ಪುಟಿತಕ್ಕೇ 8ಕ್ಕೆ ಇಳಿದು, ಎರಡನೆಯದರಲ್ಲಿ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ಚಿಕ್ಕ ಕೊಠಡಿಗಳಲ್ಲಿ ಈ ವ್ಯತ್ಯಾಸ ಹೆಚ್ಚು ತೀವ್ರ. ವಿಶಾಲವಾದ ಗೋದಾಮಿನಲ್ಲಿ ದೀಪದ ಬೆಳಕು ಬಹುಪಾಲು ನೇರವಾಗಿ ಕೆಳಗೆ ಬೀಳುತ್ತದೆ. ಚಿಕ್ಕ ಕೊಠಡಿಯಲ್ಲಾದರೋ ಗೋಡೆಗಳ ಪಾತ್ರ ದೊಡ್ಡದು. ಕೆಲಸದ ಕೊಠಡಿಗಳ ಬೆಳಕನ್ನು ಕುರಿತ 2002ರ ಅಂತರರಾಷ್ಟ್ರೀಯ ಮಾನದಂಡವು ಗೋಡೆಗಳ ಪ್ರತಿಫಲನ ಶೇ. 30ರಿಂದ 80ರ ನಡುವೆ, ಚಾವಣಿಯದು ಶೇ. 60ರಿಂದ 90ರ ನಡುವೆ ಇರುವುದು ಉಪಯುಕ್ತವೆಂದು ಸೂಚಿಸಿತು. ಗಾಢ ನೀಲಿ ಈ ಮಿತಿಯ ಕೆಳಗೆ ಬೀಳುತ್ತದೆ.

ಡಬ್ಬಿಯೊಳಗಿನ ವ್ಯತ್ಯಾಸ

ಕೆನೆಬಿಳಿ ಬಣ್ಣದ ಮುಖ್ಯ ದ್ರವ್ಯ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿ. ಬೆಳಕನ್ನು ಚದುರಿಸಿ ಹಳೆಯ ಮೇಲ್ಮೈಯನ್ನು ಮರೆಮಾಡುವ ಶಕ್ತಿ ಇದಕ್ಕಿದೆ. ಅಂಗಡಿಯ ಯಂತ್ರದಲ್ಲಿ ಗಾಢ ಛಾಯೆ ಬೆರೆಸುವಾಗ ಈ ಬಿಳಿಯ ಪುಡಿ ಅತಿ ಕಡಿಮೆ ಇರುವ ಬೇರೆಯದೇ ಮೂಲದ್ರವವನ್ನು ಬಳಸಿ, ಅದಕ್ಕೆ ಹೆಚ್ಚು ಪ್ರಮಾಣದ ವರ್ಣದ್ರವ್ಯವನ್ನು ಸುರಿಯಲಾಗುತ್ತದೆ. ಬಿಳಿ ಪುಡಿ ಹೆಚ್ಚಿದ್ದರೆ ನೀಲಿಯು ಗಾಢವಾಗದೆ ಆಕಾಶನೀಲಿಯಾಗಿಬಿಡುತ್ತದೆ. ಹೀಗೆ ಮರೆಮಾಡುವ ಹೊಣೆಯೆಲ್ಲ ವರ್ಣದ್ರವ್ಯದ ಮೇಲೆ ಬೀಳುತ್ತದೆ. ಕಪ್ಪು ಬಣ್ಣ ಈ ಹೊಣೆಯನ್ನು ಸುಲಭವಾಗಿ ಹೊರುತ್ತದೆ. ಅಚ್ಚ ಕೆಂಪು, ಅಚ್ಚ ಹಳದಿಗಳು ಹೊರಲಾರದೆ ಒಂದು ಕೋಟು ಹೆಚ್ಚು ಬೇಡುತ್ತವೆ. ಗಾಢ ನೀಲಿಯನ್ನು ತಿಳಿಬಣ್ಣದ ಹಳೆಯ ಗೋಡೆಯ ಮೇಲೆ ಬಳಿಯುವಾಗ ಎರಡು ಕೋಟು ಸಾಲದೆ ಮೂರನೆಯದು ಬೇಕಾಗುವ ಸಂದರ್ಭಗಳು ಉಂಟು.

ಯಂತ್ರದಲ್ಲಿ ಒಮ್ಮೆ ಬೆರೆಸಿದ ಬಣ್ಣವನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸಿದ್ಧ ಬಿಳಿಬಣ್ಣದ ಒಡೆಯದ ಡಬ್ಬಿ ಮರಳಿಸಬಹುದಾದ ದಾಸ್ತಾನು; ಬೆರೆಸಿದ ನೀಲಿ ಮರಳಿಸಲಾಗದ ಖರ್ಚು.

ಒಂದು ಕೊಠಡಿಯ ಲೆಕ್ಕ

15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಒಂದು ಕಚೇರಿ ಕೊಠಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಾಲ್ಕು ಗೋಡೆಗಳ ವಿಸ್ತೀರ್ಣ 540 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 500. ಮುಂದಿನ ದರಗಳು ಹೋಲಿಕೆಗಾಗಿ ಹಿಡಿದವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕವನ್ನು ಮರುಮಾಡಬಹುದು.

ಮೊದಲನೆಯದಾಗಿ, ಬಳಿಸುವ ವೆಚ್ಚ. ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ 125 ಚದರ ಅಡಿ ಬರುತ್ತದೆಂದು ಹಿಡಿದರೆ ಕೆನೆಬಿಳಿಗೆ 4 ಲೀಟರ್ ಸಾಕು. ಲೀಟರಿಗೆ ರೂ. 300ರಂತೆ ರೂ. 1,200; ಕೂಲಿ ಚದರ ಅಡಿಗೆ ರೂ. 8ರಂತೆ ರೂ. 4,000, ಒಟ್ಟು ರೂ. 5,200. ಗಾಢ ನೀಲಿಗೆ ಮೂರು ಕೋಟು ಹಿಡಿದರೆ 6 ಲೀಟರ್, ಲೀಟರಿಗೆ ರೂ. 360ರಂತೆ ರೂ. 2,160, ಕೂಲಿ ಚದರ ಅಡಿಗೆ ರೂ. 10ರಂತೆ ರೂ. 5,000, ಒಟ್ಟು ರೂ. 7,160. ವ್ಯತ್ಯಾಸ ರೂ. 1,960.

ಎರಡನೆಯದಾಗಿ, ಬಾಳಿಕೆ. ಕೆನೆಬಿಳಿಯ ಮೇಲೆ ಕೈಗುರುತು, ಕುರ್ಚಿ ಉಜ್ಜಿದ ಕಲೆ ಬೇಗ ಎದ್ದು ಕಾಣುತ್ತವೆ. ಗಾಢ ನೀಲಿಯ ಮೇಲೆ ಆ ಕಲೆಗಳು ಮರೆಯಾದರೂ ಧೂಳು, ಗೀರು ಮತ್ತು ತೇವದ ಗೋಡೆಯಿಂದ ಹೊರಬರುವ ಬಿಳಿಯ ಉಪ್ಪು ಎದ್ದು ಕಾಣುತ್ತವೆ. ಗೋಡೆ ಒಣಗಿದೆ ಎಂದು ಭಾವಿಸಿ ಕೆನೆಬಿಳಿಗೆ 3 ವರ್ಷ, ಗಾಢ ನೀಲಿಗೆ 4 ವರ್ಷ ಹಿಡಿದರೆ ವಾರ್ಷಿಕ ವೆಚ್ಚ ಕ್ರಮವಾಗಿ ರೂ. 1,733 ಮತ್ತು ರೂ. 1,790. ಅಂದರೆ ಬಳಿಸುವಾಗ ದೊಡ್ಡದಾಗಿ ಕಂಡ ಅಂತರ ವರ್ಷಕ್ಕೆ ಹಂಚಿದಾಗ ಕೇವಲ ರೂ. 57ಕ್ಕೆ ಇಳಿಯುತ್ತದೆ. ಚೌಕಾಸಿಯೆಲ್ಲ ನಡೆಯುವುದು ಈ ಬಾಬ್ತಿನ ಮೇಲೆಯೇ ಎಂಬುದು ಗಮನಾರ್ಹ.

ಮೂರನೆಯದಾಗಿ, ಬೆಳಕು. ಕೊಠಡಿಯ ನೆಲ 180 ಚದರ ಅಡಿ, ಅಂದರೆ 16.7 ಚದರ ಮೀಟರ್. ಮೇಜಿನ ಮೇಲೆ 300 ಲಕ್ಸ್ ಬೆಳಕು ಬೇಕೆಂದರೆ ಅಲ್ಲಿಗೆ ಸುಮಾರು 5,000 ಲ್ಯೂಮೆನ್ ತಲುಪಬೇಕು. ದೀಪದಿಂದ ಹೊರಟಿದ್ದೆಲ್ಲ ಮೇಜನ್ನು ತಲುಪುವುದಿಲ್ಲ. ಇಂತಹ ಕೊಠಡಿಯಲ್ಲಿ ತಿಳಿಗೋಡೆಯಿದ್ದರೆ ಶೇ. 48, ಗಾಢ ಗೋಡೆಯಿದ್ದರೆ ಶೇ. 32 ತಲುಪುತ್ತದೆಂದು ಹಿಡಿಯಲಾಗಿದೆ. ದೀಪದ ಮೇಲಿನ ಧೂಳು, ಹಳತಾಗುವಿಕೆಗಳಿಗಾಗಿ ಇನ್ನೂ ಶೇ. 20 ಕಳೆದರೆ, ಮೊದಲನೆಯದಕ್ಕೆ ಸುಮಾರು 13,000, ಎರಡನೆಯದಕ್ಕೆ 19,500 ಲ್ಯೂಮೆನ್ ಅಗತ್ಯ. 20 ವ್ಯಾಟಿನ, 2,000 ಲ್ಯೂಮೆನ್ ಕೊಡುವ ಎಲ್‌ಇಡಿ ಟ್ಯೂಬುಗಳಾದರೆ ಕೆನೆಬಿಳಿ ಕೊಠಡಿಗೆ 7, ಗಾಢ ನೀಲಿ ಕೊಠಡಿಗೆ 10.

ಹೆಚ್ಚುವರಿ ಮೂರು ಟ್ಯೂಬುಗಳು ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಉರಿದರೆ 180 ಯೂನಿಟ್. ಯೂನಿಟ್ಟಿಗೆ ರೂ. 8ರಂತೆ ರೂ. 1,440. ಟ್ಯೂಬಿಗೆ ರೂ. 250ರಂತೆ ಮೂರಕ್ಕೆ ರೂ. 750, ಇದನ್ನು ನಾಲ್ಕು ವರ್ಷಕ್ಕೆ ಹಂಚಿದರೆ ರೂ. 188. ಬಳಿಸುವ ವೆಚ್ಚದ ಅಂತರ ರೂ. 57 ಸೇರಿದರೆ ಗಾಢ ನೀಲಿಯ ಹೆಚ್ಚುವರಿ ಹೊರೆ ವರ್ಷಕ್ಕೆ ಸುಮಾರು ರೂ. 1,700. ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತಿದ್ದ ಹಳೆಯ ಟ್ಯೂಬ್‌ಲೈಟುಗಳ ಕಾಲದಲ್ಲಿ ಮೂರು ಹೆಚ್ಚುವರಿ ದೀಪಗಳಿಗೇ 450 ಯೂನಿಟ್ ಬೇಕಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಗಾಢ ಬಣ್ಣದ ದಂಡ ಕಡಿಮೆಯಾಗಿದೆ; ಇಲ್ಲವಾಗಿಲ್ಲ.

ದೀಪ ಹೆಚ್ಚಿಸದೆ ಹೋದರೆ ಖರ್ಚು ಉಳಿಯಿತೆಂದು ತಿಳಿಯುವುದು ತಪ್ಪು. ಆಗ ಆ ಹೊರೆ ವಿದ್ಯುತ್ ಬಿಲ್ಲಿನಿಂದ ಸಿಬ್ಬಂದಿಯ ಕಣ್ಣಿಗೆ ವರ್ಗಾವಣೆಯಾಗುತ್ತದೆ. ಸರಕುಪಟ್ಟಿಯಲ್ಲಿ 3 ಎಂಬುದನ್ನು 8 ಎಂದು ಓದಿದ ಒಂದೇ ಪ್ರಸಂಗ ಇಡೀ ವರ್ಷದ ಉಳಿತಾಯವನ್ನು ನುಂಗಬಲ್ಲದು.

ಗ್ರಾಹಕರತ್ತ ನೋಡುವ ಗೋಡೆ

ಹಾಗಾದರೆ ಗಾಢ ಬಣ್ಣ ಸದಾ ನಷ್ಟವೇ? ಹಾಗೆ ಹೇಳಲಾಗದು. ವರ್ಷಕ್ಕೆ ರೂ. 1,700ರ ಹೊರೆಯನ್ನು ಶೇ. 10ರ ಒಟ್ಟು ಲಾಭಾಂಶವಿರುವ ವ್ಯಾಪಾರ ತುಂಬಿಕೊಳ್ಳಲು ಹೆಚ್ಚುವರಿಯಾಗಿ ರೂ. 17,000ದ ಮಾರಾಟ ಸಾಕು. ಗೋಡೆಯು ಸರಕನ್ನು ಎತ್ತಿ ತೋರಿಸಿ ಅಷ್ಟು ಮಾರಾಟ ತಂದರೆ ಅದು ಜಾಹೀರಾತಿನಂತೆ ಒಂದು ಮಾರಾಟ ವೆಚ್ಚ. ಲೆಕ್ಕಪತ್ರದ ಕೊಠಡಿಯ ಗೋಡೆ ಯಾವ ಮಾರಾಟವನ್ನೂ ತರುವುದಿಲ್ಲ; ಅಲ್ಲಿ ಅದೇ ಬಣ್ಣ ಬರಿಯ ನಷ್ಟ.

ಹಿನ್ನೆಲೆಯ ಬಣ್ಣವು ಮುಂದಿರುವ ವಸ್ತುವಿನ ಬಣ್ಣವನ್ನು ಬದಲಿಸಿ ತೋರಿಸುತ್ತದೆ ಎಂಬ ಸತ್ಯ ಹೊರಬಂದದ್ದೇ ಒಂದು ವ್ಯಾಪಾರಿ ದೂರಿನಿಂದ. ಪ್ಯಾರಿಸ್ಸಿನ ಗೋಬ್ಲಿನ್ ನೇಯ್ಗೆ ಶಾಲೆಯಲ್ಲಿ 1824ರಿಂದ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೆಲ್ ಅವರ ಮುಂದೆ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ಆಕ್ಷೇಪಣೆ ಬಂದಿತ್ತು. ಪರಿಶೀಲಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ ಮೊದಲಾದ ಬಣ್ಣಗಳ ಪಕ್ಕದಲ್ಲಿ ನೇಯ್ದದ್ದರಿಂದ ಕಪ್ಪು ಸಪ್ಪೆಯಾಗಿ ಕಾಣುತ್ತಿತ್ತು. ಈ ವಿಷಯದ ಮೇಲೆ ಅವರು 1839ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು.

ಈ ತತ್ತ್ವ ನಮ್ಮ ಮಾರುಕಟ್ಟೆಗೂ ಅನ್ವಯಿಸುತ್ತದೆ. ಚಿನ್ನಬೆಳ್ಳಿ ವ್ಯಾಪಾರಿಗಳು ಒಡವೆಯನ್ನು ಗಾಢ ನೀಲಿ ಅಥವಾ ಕಡುಗೆಂಪು ಮಖಮಲ್ಲಿನ ಮೇಲೆ ಇಟ್ಟು ತೋರಿಸುವುದು ಬರಿಯ ರೂಢಿಯಲ್ಲ. ಹಿನ್ನೆಲೆ ಗಾಢವಾದಷ್ಟೂ ಹಳದಿ ಲೋಹದ ಹೊಳಪು ಎದ್ದು ಕಾಣುತ್ತದೆ. ಜವಳಿ ಅಂಗಡಿಯ ಸಂಗತಿ ಇದಕ್ಕೆ ವಿರುದ್ಧ. ಬಣ್ಣದ ಗೋಡೆಯಿಂದ ಮರಳುವ ಬೆಳಕು ತನ್ನ ಛಾಯೆಯನ್ನು ಸೀರೆಯ ಮೇಲೂ ಚೆಲ್ಲುತ್ತದೆ. ಮೈಸೂರು ರೇಷ್ಮೆಯ ತಿಳಿಛಾಯೆಯನ್ನಾಗಲಿ, ಇಳಕಲ್ ಸೀರೆಯ ಸೆರಗಿನ ಕೆಂಪನ್ನಾಗಲಿ ಗ್ರಾಹಕರು ಸರಿಯಾಗಿ ಗುರುತಿಸಬೇಕಾದರೆ ಗೋಡೆ ಬಿಳಿ ಅಥವಾ ತಿಳಿಬೂದಿ ಬಣ್ಣದ್ದಾಗಿರುವುದು ಕ್ಷೇಮ. ಅಂಗಡಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಬೇರೆಯಾಗಿ ಕಂಡರೆ ಮರಳಿ ಬರುವ ಸೀರೆಯೂ ಒಂದು ವೆಚ್ಚವೇ. ತಯಾರಿಕಾ ಘಟಕಗಳಲ್ಲಿ ಸರಕಿನ ದೋಷ ಹುಡುಕುವ ತಪಾಸಣೆಯ ಮೇಜಿಗೂ ಇದೇ ಮಾತು ಅನ್ವಯಿಸುತ್ತದೆ.

ಅರ್ಧ ಗೋಡೆಯ ಹಳೆಯ ಪದ್ಧತಿ

ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಗಾಢ ಬಣ್ಣದ ಪಟ್ಟಿ, ಮೇಲ್ಭಾಗಕ್ಕೆ ತಿಳಿಬಣ್ಣ ಬಳಿಯುತ್ತಿದ್ದ ಪದ್ಧತಿಯನ್ನು ಎಲ್ಲರೂ ಕಂಡಿದ್ದಾರೆ. ಹಳೆಯ ಕಾಲದ್ದೆಂದು ಇದನ್ನು ಬದಿಗಿಟ್ಟವರೇ ಹೆಚ್ಚು. ಆದರೆ ಇದರ ಹಿಂದಿನ ಲೆಕ್ಕ ಗಟ್ಟಿಯಾದುದು. ಬರೆಯುವ ಮೇಜಿನ ಎತ್ತರ ಸುಮಾರು ಎರಡೂವರೆ ಅಡಿ. ಅದಕ್ಕಿಂತ ಕೆಳಗಿನ ಗೋಡೆಯಿಂದ ಮೇಜಿಗೆ ದೊರೆಯುವ ಬೆಳಕು ಅತ್ಯಲ್ಪ. ಕುರ್ಚಿಯ ಬೆನ್ನು, ಕಾಲು, ಚೀಲ, ನೆಲ ಒರೆಸುವ ಬಟ್ಟೆ ಇವುಗಳ ಕಲೆಗಳು ಬೀಳುವುದು ಬಹುಪಾಲು ಅಲ್ಲಿಯೇ. ಬೆಳಕು ಕೊಡದ ಭಾಗಕ್ಕೆ ಕಲೆ ಮರೆಸುವ ಬಣ್ಣ, ಬೆಳಕು ಕೊಡುವ ಭಾಗಕ್ಕೆ ಬೆಳಕು ಮರಳಿಸುವ ಬಣ್ಣ ಎಂಬುದೇ ಈ ಪದ್ಧತಿಯ ಸಾರ.

ಮೇಲಿನ ಕೊಠಡಿಯಲ್ಲಿಯೇ ಕೆಳಗಿನ 3 ಅಡಿಗೆ, ಅಂದರೆ ಸುಮಾರು 150 ಚದರ ಅಡಿಗೆ ಗಾಢ ನೀಲಿ, ಉಳಿದ 350 ಚದರ ಅಡಿಗೆ ಕೆನೆಬಿಳಿ ಬಳಿಸಿದರೆ ಅದೇ ದರಗಳಲ್ಲಿ ಬಣ್ಣಕ್ಕೆ ರೂ. 1,488, ಕೂಲಿಗೆ ರೂ. 4,300, ಒಟ್ಟು ರೂ. 5,788. ಕಲೆಗಳ ತೊಂದರೆ ತಗ್ಗುವುದರಿಂದ 4 ವರ್ಷ ಬಾಳಿಕೆ ಹಿಡಿದರೆ ವರ್ಷಕ್ಕೆ ರೂ. 1,447. ಮೂರು ಆಯ್ಕೆಗಳಲ್ಲಿ ಇದೇ ಅತಿ ಕಡಿಮೆ. ದೀಪಗಳ ಸಂಖ್ಯೆಯೂ ಹೆಚ್ಚುಕಡಿಮೆ ಕೆನೆಬಿಳಿ ಕೊಠಡಿಯಷ್ಟೇ. ಮಾರಾಟದ ಅಂಗಡಿಯಾದರೆ ಗಲ್ಲೆಯ ಹಿಂದಿನ ಒಂದೇ ಗೋಡೆಗೆ ಗಾಢ ಬಣ್ಣ ಕೊಟ್ಟು, ಉಳಿದ ಮೂರನ್ನು ತಿಳಿಯಾಗಿಡುವುದು ಇನ್ನೊಂದು ಮಧ್ಯಮ ಮಾರ್ಗ.

ಕಾನೂನಿನ ಎರಡು ಸಂಗತಿಗಳು

1948ರ ಕಾರ್ಖಾನೆಗಳ ಕಾಯಿದೆಯ 11ನೆಯ ಕಲಮು ಒಳಗೋಡೆಗಳ ಬಣ್ಣಕ್ಕೂ ಅವಧಿ ಗೊತ್ತುಪಡಿಸಿತ್ತು. ಸುಣ್ಣ ಬಳಿದ ಗೋಡೆಗೆ 14 ತಿಂಗಳಿಗೊಮ್ಮೆ, ತೊಳೆಯಬಹುದಾದ ನೀರುಬಣ್ಣಕ್ಕೆ 3 ವರ್ಷಕ್ಕೊಮ್ಮೆ, ಇತರ ಬಣ್ಣ ಅಥವಾ ವಾರ್ನಿಷ್‌ಗೆ 5 ವರ್ಷಕ್ಕೊಮ್ಮೆ ಮರುಬಳಿತ ಕಡ್ಡಾಯವಾಗಿತ್ತು. ದಿನಾಂಕಗಳನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕಿತ್ತು. 2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆ ಜಾರಿಗೆ ಬಂದಿದೆ. ತಮ್ಮ ಘಟಕಕ್ಕೆ ಅನ್ವಯಿಸುವ ನಿಯಮಗಳನ್ನು ತಯಾರಕರು ಪರಿಶೀಲಿಸಿಕೊಳ್ಳಬೇಕು. ನಿಯಮ ಯಾವುದೇ ಇರಲಿ, ಬಳಿಸಿದ ದಿನಾಂಕ ಮತ್ತು ಛಾಯೆಯ ಸಂಕೇತವನ್ನು ಬರೆದಿಡುವ ಅಭ್ಯಾಸ ಒಳ್ಳೆಯದು.

ಎರಡನೆಯದು ಸೀಸ. ಹಳೆಯ ಹೊಳಪುಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೆಂಪು ಛಾಯೆಗಳಲ್ಲಿ, ಸೀಸದ ಸಂಯುಕ್ತಗಳನ್ನು ಬಳಸಲಾಗುತ್ತಿತ್ತು. 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಯಾದ ನಿಯಮಗಳು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದವು. ಆದ್ದರಿಂದ ಬ್ಯಾಚ್ ಸಂಖ್ಯೆ, ಸೀಸದ ವಿವರ ಇಲ್ಲದ ಅಗ್ಗದ ಡಬ್ಬಿಯನ್ನು ಕೊಳ್ಳಬಾರದು. ಹಳೆಯ ಹೊಳಪುಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು.

ಲೆಕ್ಕಪತ್ರದಲ್ಲಿ ಸ್ಥಾನ

ಬಳಕೆಯಲ್ಲಿರುವ ಕೊಠಡಿಗೆ ಮತ್ತೆ ಬಣ್ಣ ಬಳಿಸುವುದು ಸಾಮಾನ್ಯವಾಗಿ ಚಾಲ್ತಿ ದುರಸ್ತಿ. ಅದು ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಸೇರುವ ರಾಜಸ್ವ ವೆಚ್ಚ. ಹೊಸ ಕಟ್ಟಡದ ಮೊದಲ ಬಣ್ಣ ಕಟ್ಟಡದ ವೆಚ್ಚಕ್ಕೆ ಸೇರುವ ಬಂಡವಾಳ ವೆಚ್ಚ. 1961ರ ಆದಾಯ ತೆರಿಗೆ ಕಾಯಿದೆಯ ಈ ತತ್ತ್ವ, 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಕಾಯಿದೆಯಲ್ಲಿಯೂ ಮುಂದುವರಿದಿದೆ. ಬಾಡಿಗೆ ಕಟ್ಟಡದಲ್ಲಿರುವವರು ದುರಸ್ತಿಯ ಹೊಣೆ ಬಾಡಿಗೆದಾರರದೆಂಬ ಷರತ್ತನ್ನು ಕರಾರುಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಂಡಿರಬೇಕು. ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000ಕ್ಕೂ ಹೆಚ್ಚು ಮೊತ್ತವನ್ನು ನಗದಾಗಿ ಕೊಟ್ಟರೆ ಆ ವೆಚ್ಚ ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ ಎಂಬುದನ್ನು ಬಣ್ಣದ ಮೇಸ್ತ್ರಿಗೆ ಹಣ ಕೊಡುವಾಗಲೂ ನೆನಪಿಡಬೇಕು.

ಬಣ್ಣದ ಮೇಲಿನ ಜಿಎಸ್‌ಟಿ 2018ರ ಜುಲೈ 27ರಂದು ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5) ಕಲಮಿನಂತೆ ಸ್ಥಿರಾಸ್ತಿಯ ದುರಸ್ತಿಯನ್ನು ಬಂಡವಾಳವಾಗಿ ದಾಖಲಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ರಾಜಸ್ವ ವೆಚ್ಚವಾಗಿ ದಾಖಲಿಸಿದ ಮರುಬಳಿತಕ್ಕೆ ಈ ಅಡ್ಡಿಯಿಲ್ಲ. ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾದ ಸರಕುಪಟ್ಟಿ ಇರಬೇಕು. ಸಂಯೋಜಿತ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಲಭ್ಯವಿಲ್ಲ. ಬಣ್ಣ ತರಲು ಮೇಸ್ತ್ರಿಯನ್ನೇ ಕಳುಹಿಸಿ ಬಿಡಿ ಚೀಟಿ ಪಡೆದರೆ, ಸಿಗಬಹುದಾಗಿದ್ದ ಜಮೆ ಅಲ್ಲಿಗೇ ಕೈಬಿಟ್ಟು ಹೋಗುತ್ತದೆ.

ಕೊಳ್ಳುವ ಮುನ್ನ

1. ಕಾರ್ಡಿನ ಚಿಕ್ಕ ಚೌಕವನ್ನು ನಂಬದೆ, ಆಯ್ದ ಎರಡೂ ಬಣ್ಣಗಳನ್ನು ಎರಡಡಿ ಚೌಕದ ಹಲಗೆಗಳಿಗೆ ಎರಡು ಕೋಟು ಬಳಿಸಿ ಗೋಡೆಗೆ ಒರಗಿಸಿ ನೋಡಬೇಕು. ಎಮಲ್ಷನ್ ಹಸಿಯಾಗಿದ್ದಾಗ ತಿಳಿಯಾಗಿ ಕಂಡು, ಒಣಗಿದ ಮೇಲೆ ಗಾಢವಾಗುತ್ತದೆ. ಹಸಿಬಣ್ಣ ನೋಡಿ ತೀರ್ಮಾನಿಸಬಾರದು.
2. ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ದೀಪದ ಬೆಳಕಿನಲ್ಲಿ ನೋಡಬೇಕು. ಹಳದಿ ಬೆಳಕಿನ ಎಲ್‌ಇಡಿ ಅಡಿಯಲ್ಲಿ ಗಾಢ ನೀಲಿ ಕಪ್ಪಾಗಿ ಕಾಣಬಹುದು.
3. ಗೋಡೆಯ ತೇವವನ್ನು ಮೊದಲು ಸರಿಪಡಿಸಬೇಕು. ತೇವವಿದ್ದ ಗೋಡೆಯಲ್ಲಿ ಯಾವ ಬಣ್ಣವೂ ಬಾಳದು.
4. ಪೂರ್ತಿ ಕೊಠಡಿಗೆ ಬೇಕಾದ ಬಣ್ಣವನ್ನು ಒಂದೇ ಸಲ ಬೆರೆಸಿಸಿಕೊಂಡು, ಸ್ವಲ್ಪವನ್ನು ಮುಂದಿನ ತೇಪೆಗಾಗಿ ಮುಚ್ಚಿಡಬೇಕು.
5. ಮುಂದೆ ಗಾಢ ನೀಲಿಯಿಂದ ಬಿಳಿಗೆ ಮರಳಬೇಕಾದರೆ ಪ್ರೈಮರಿನ ಒಂದು ಕೋಟು ಹೆಚ್ಚು ಬೇಕಾಗಬಹುದು. ಬಾಡಿಗೆಯ ಜಾಗವನ್ನು ಮೊದಲಿನಂತೆ ಮರಳಿಸಬೇಕೆಂಬ ಷರತ್ತಿದ್ದರೆ ಈ ವೆಚ್ಚವನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಟ್ಟಿನಲ್ಲಿ, ಯಾವ ಬಣ್ಣ ಚೆಂದ ಎಂಬ ಪ್ರಶ್ನೆಗಿಂತ ಆ ಗೋಡೆ ಯಾರ ಕಡೆಗೆ ನೋಡುತ್ತದೆ ಎಂಬ ಪ್ರಶ್ನೆ ಮೊದಲು ಬರಬೇಕು. ಗ್ರಾಹಕರತ್ತ ನೋಡುವ ಗೋಡೆಗೆ ಸರಕನ್ನು ಎತ್ತಿ ತೋರಿಸುವ ಬಣ್ಣ, ಕೆಲಸಗಾರರತ್ತ ನೋಡುವ ಗೋಡೆಗೆ ಬೆಳಕನ್ನು ಮರಳಿಸುವ ಬಣ್ಣ, ಕಲೆ ಬೀಳುವ ಕೆಳಭಾಗಕ್ಕೆ ಕಲೆ ಮರೆಸುವ ಬಣ್ಣ ಎಂಬ ವಿಂಗಡಣೆ ಮಾಡಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ಲೀಟರಿಗೆ ಹತ್ತು ರೂಪಾಯಿ ಇಳಿಸಲು ವ್ಯಯಿಸುವ ಸಮಯದಲ್ಲಿ ಅರ್ಧವನ್ನು ಈ ವಿಂಗಡಣೆಗೆ ಮೀಸಲಿಟ್ಟರೂ ಸಂಸ್ಥೆಗೆ ದೊರೆಯುವ ಉಳಿತಾಯ ಅದಕ್ಕಿಂತ ಹೆಚ್ಚಿನದು.